ಭರಮಪ್ಪ ಬಿನ್ ಮಡಿವಾಳಪ್ಪ, ಇಬ್ಬರು

ನನ್ನ ಹೆಸರನ್ನು ನಾನೇ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಬಿಸಾಡಿದೆ. ಎಂಟನೇ ದಿನಕ್ಕೆ ಅದನ್ನು ಎತ್ತಿಕೊಳ್ಳಲು ಬೇರೊಂದು ವಿಶ್ವದಿಂದ ಒಬ್ಬ ಮನುಷ್ಯ ಬಂದ. ಬಂದವನೂ ನಾನೇ ಆಗಿದ್ದರಿಂದ ಪೊಲೀಸರಿಗೆ ದೂರು ಕೊಡುವ ಹಾಗೂ ಇರಲಿಲ್ಲ. ನನ್ನ ಮೇಲೆ ನಾನೇ ದೂರು ಕೊಡಲು ಹೋದರೆ ಠಾಣೆಯವರು ಒಳಗೆ ಕೂರಿಸುವುದು ಯಾರನ್ನು ಎಂಬ ಅಂಜಿಕೆ ಬೇರೆ.

ನಡೆದದ್ದು ಇಷ್ಟು. ಮದುವೆಯಾದ ವರ್ಷವೇ ಗದಗಿನ ಕಡೆಯಿಂದ ಬೆಂಗಳೂರಿಗೆ ಬಂದು ಜ್ಞಾನಭಾರತಿಯ ವಿಶ್ವವಿದ್ಯಾಲಯದ ಒಂದು ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿಕೊಂಡವನು ನಾನು. ಉಲ್ಲಾಳದಲ್ಲಿ ಬಾಡಿಗೆ ಮನೆ. ಹೆಸರು ಭರಮಪ್ಪ ಬಿನ್ ಮಡಿವಾಳಪ್ಪ. ಈ ಹೆಸರಿನಿಂದ ನಲವತ್ತನಾಲ್ಕು ವರ್ಷ ನನಗಾಗಲಿ, ನನ್ನಿಂದ ಈ ಹೆಸರಿಗಾಗಲಿ ಯಾವ ತೊಂದರೆಯೂ ಆಗಿರಲಿಲ್ಲ. 2008ರಲ್ಲಿ ಕಚೇರಿಗೆ ಹೊಸ ಕಂಪ್ಯೂಟರುಗಳು ಬಂದವು. ಅವುಗಳ ಜೊತೆ ಎರಡಕ್ಷರ, ಮೂರಕ್ಷರದ ನಯವಾದ ಹೆಸರುಗಳ ಹುಡುಗ ಹುಡುಗಿಯರೂ ಬಂದರು. ಎಲ್ಲರ ಮೇಜಿನ ಮೇಲೂ ಹೆಸರಿನ ಫಲಕ ಇಟ್ಟರು. ಆ ಸಾಲಿನಲ್ಲಿ ನನ್ನ ಫಲಕ ಮಾತ್ರ ಮಿಠಾಯಿ ಡಬ್ಬಿಗಳ ನಡುವೆ ಯಾರೋ ಮರೆತು ಇಟ್ಟುಹೋದ ಜೋಳದ ಚೀಲದಂತೆ ಕಂಡಿತು.

ಅವತ್ತೇ ತೀರ್ಮಾನಿಸಿದೆ, ಇನ್ನು ಮೇಲೆ ನಾನು ಅರುಣ್ ಕುಮಾರ್. ತಲೆಯ ಕೂದಲು ಕೈಬಿಟ್ಟಿತ್ತು. ಹೊಟ್ಟೆ ಶರ್ಟಿನ ನಾಲ್ಕನೇ ಗುಂಡಿಯ ಜೊತೆ ದಿನವೂ ಜಗಳವಾಡುತ್ತಿತ್ತು. ಇಡೀ ಮನುಷ್ಯನಲ್ಲಿ ಸುಲಭವಾಗಿ ಬದಲಾಯಿಸಬಹುದಾಗಿದ್ದ ಭಾಗ ಎಂದರೆ ಹೆಸರೊಂದೇ.

ಹೆಂಡತಿ ದಾನಮ್ಮನಿಗೆ ವಿಷಯ ತಿಳಿಸಿದೆ.

“ಏನರ ಇಟ್ಕೋರಿ. ನಾ ಏನ್ ಹೆಸರು ಹಿಡದು ಕರೀತೀನೇನು?” ಎಂದಳು, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ.

ಅದೂ ನಿಜವೇ. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹಿಡಿಯುವುದಿಲ್ಲ. ಮದುವೆಯಾಗಿ ಹದಿನೆಂಟು ವರ್ಷದಿಂದ ನಾನು ಅವಳಿಗೆ ‘ರೀ’. ಭರಮಪ್ಪ ಹೋದರೂ ಅರುಣ್ ಕುಮಾರ್ ಬಂದರೂ ಅವಳ ಪಾಲಿಗೆ ಮನೆಯಲ್ಲಿ ಒಂದು ಪಾತ್ರೆಯೂ ಜಾಗ ಬದಲಾಯಿಸುವುದಿರಲಿಲ್ಲ.

ಕೆಂಗೇರಿಯಲ್ಲಿ ಕಾಂತರಾಜು ಎಂಬ ಪತ್ರಬರಹಗಾರರಿದ್ದರು. ಬೆಳಗಿನಿಂದ ಸಂಜೆಯವರೆಗೆ ಸೈಟುಗಳ ಕ್ರಯಪತ್ರ ಬರೆದು ಬರೆದು ಅವರಿಗೆ ಜಗತ್ತಿನಲ್ಲಿ ಸೈಟು ಅಲ್ಲದ ವಸ್ತು ಇದೆ ಎಂಬುದೇ ಮರೆತುಹೋಗಿತ್ತು. ಕಂಪ್ಯೂಟರಿನಲ್ಲಿ ಒಂದು ಹಳೆಯ ಕ್ರಯಪತ್ರ ತೆಗೆದು, ‘ಸೈಟು’ ಎಂದು ಇದ್ದಲ್ಲೆಲ್ಲ ‘ಹೆಸರು’ ಎಂದು ಹಾಕಿ, ಹತ್ತು ನಿಮಿಷದಲ್ಲಿ ಛಾಪಾ ಕಾಗದದ ಮೇಲೆ ನನ್ನ ಪ್ರಮಾಣಪತ್ರ ತಯಾರು ಮಾಡಿಕೊಟ್ಟರು. ನಾನು ವಿದ್ಯಾವಂತ. ಆದ್ದರಿಂದ ಓದದೆ ಸಹಿ ಹಾಕಿದೆ. ಮಾರನೇ ದಿನ ಪತ್ರಿಕೆಯಲ್ಲಿ ಬಂದದ್ದು ಹೀಗಿತ್ತು: ‘ಭರಮಪ್ಪ ಎಂಬ ಸದರಿ ಹೆಸರನ್ನು ನಾನು ಸ್ವಇಚ್ಛೆಯಿಂದ ಬಿಟ್ಟುಕೊಟ್ಟಿರುತ್ತೇನೆ. ಸದರಿ ಹೆಸರಿನ ಮೇಲೆ ನನಗಾಗಲಿ, ನನ್ನ ವಾರಸುದಾರರಿಗಾಗಲಿ ಇನ್ನು ಯಾವ ಹಕ್ಕೂ ಇರುವುದಿಲ್ಲ. ಸದರಿ ಹೆಸರನ್ನು ಪಡೆದವರು ಅದನ್ನು ತಾವೂ ತಮ್ಮ ವಂಶಪಾರಂಪರ್ಯವಾಗಿಯೂ ಅನುಭವಿಸಿಕೊಂಡು ಬರತಕ್ಕದ್ದು.’

ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಮುನಿಸಿಪಾಲಿಟಿ ಚರಂಡಿ ಎಂಬ ಚಕ್ಕುಬಂದಿಯನ್ನಾದರೂ ಅವರು ತೆಗೆದುಹಾಕಿದ್ದರಲ್ಲ, ಅಷ್ಟಕ್ಕೆ ನಾನು ಕೃತಜ್ಞ.

ಎಂಟನೇ ದಿನ ಸಂಜೆ ಕಚೇರಿಯಿಂದ ಬಂದರೆ ನನ್ನ ಚಪ್ಪಲಿ ಬಾಗಿಲಲ್ಲಿ ಆಗಲೇ ಇತ್ತು. ಕಾಲು ನೋಡಿಕೊಂಡೆ. ಕಾಲಲ್ಲೂ ಇತ್ತು. ಒಳಗೆ ಹೋದರೆ ನನ್ನ ಮಣೆಯ ಮೇಲೆ ನಾನು ಕೂತು ಉಪ್ಪಿಟ್ಟು ತಿನ್ನುತ್ತಿದ್ದೆ.

ದಾನಮ್ಮ ಸೌಟು ಹಿಡಿದು ಅಡುಗೆಮನೆಯಿಂದ ಬಂದಳು. ಅವನನ್ನು ನೋಡಿದಳು. ನನ್ನನ್ನು ನೋಡಿದಳು.

“ಅಯ್ಯ ಶಿವನ, ಮತ್ತೊಮ್ಮೆ ಬಂದ್ರಿ? ಉಪ್ಪಿಟ್ಟು ಒಬ್ಬರಿಗೆ ಆಗುವಷ್ಟ ಮಾಡೀನಿ!”

ಗಂಡ ಎರಡಾದದ್ದಕ್ಕಿಂತ ಉಪ್ಪಿಟ್ಟು ಒಂದೇ ಇದ್ದದ್ದು ಅವಳಿಗೆ ದೊಡ್ಡ ಚಿಂತೆಯಾಗಿತ್ತು.

ಮಣೆಯ ಮೇಲಿದ್ದವನು ಎದ್ದು ಕೈಮುಗಿದ. “ನಮಸ್ಕಾರ್ರಿ. ನಾನು ಭರಮಪ್ಪ.”

“ನಾನೂ ಭರ...” ಎಂದವನಿಗೆ ಪ್ರಕಟಣೆ ನೆನಪಾಯಿತು. “ನಾನು ಅರುಣ್ ಕುಮಾರ್.”

“ಹೌದೇನ್ರಿ? ನೋಡಾಕ ಥೇಟ್ ನನ್ನಂಗ ಇದ್ದೀರಿ” ಎಂದು ಅವನು ಸಂತೋಷಪಟ್ಟ.

ಅವನ ಕಥೆ ಸರಳವಾಗಿತ್ತು. ಕೆಂಗೇರಿಯಲ್ಲಿ ಬಸ್ಸು ಹತ್ತಿದ್ದಾನೆ. ಜೋಂಪು ಹತ್ತಿದೆ. ಉಲ್ಲಾಳ ಎಂದು ಕಂಡಕ್ಟರು ಕೂಗಿದ್ದಕ್ಕೆ ಇಳಿದಿದ್ದಾನೆ. “ಇಳದು ನೋಡ್ತೀನಿ, ನಮ್ಮ ಉಲ್ಲಾಳದಾಗ ಕೆರಿ ಎಡಕ್ಕೈತಿ, ಇಲ್ಲಿ ಬಲಕ್ಕೈತಿ. ಉಳದಿದ್ದೆಲ್ಲಾ ಒಂದ. ಕಾಲು ತಾವ ನಡಕೊಂಡು ಈ ಮನೀಗೆ ಬಂದ್ವು. ಇವರು ಬಾಗಿಲಾ ತೆಗದು ‘ಇಷ್ಟ್ ಲಗೂನ ಬಂದ್ರಿ?’ ಅಂದ್ರು. ನನಗ ಹಂಗ ಯಾರೂ ಕೇಳಿಲ್ರಿ. ಒಳಗ ಬಂದ್ಬಿಟ್ಟೆ.”

ಮಾರನೇ ದಿನ ಕ್ಯಾಂಟೀನಿನಲ್ಲಿ ಭೌತಶಾಸ್ತ್ರದ ಪಂಚಾಕ್ಷರಿ ಮೇಷ್ಟ್ರನ್ನು ಹಿಡಿದು ಕೇಳಿದೆ. ವಿಶ್ವಗಳು ಒಂದರ ಪಕ್ಕ ಒಂದು ಲೆಕ್ಕವಿಲ್ಲದಷ್ಟು ಇರಬಹುದಂತೆ, ಒಂದೊಂದರಲ್ಲೂ ನಾವು ಒಂದೊಂದು ಥರ ಇರುತ್ತೇವಂತೆ.

“ಹಾಗಾದ್ರೆ ಸಾರ್, ಎಲ್ಲೋ ಒಂದು ಕಡೆ ನಾನೂ ಸೂಪರಿಂಟೆಂಡೆಂಟ್ ಆಗಿರ್ತೀನಾ?”

ಮೇಷ್ಟ್ರು ಕಾಫಿ ಲೋಟ ಕೆಳಗಿಟ್ಟರು. “ನೋಡಿ, ವಿಶ್ವಗಳು ಎಷ್ಟೇ ಇದ್ರೂ ಅದಕ್ಕೂ ಒಂದು ಮಿತಿ ಅಂತ ಇರುತ್ತೆ” ಎಂದರು.

ಭರಮಪ್ಪ ದಿನವೂ ಬೆಳಿಗ್ಗೆ ಕೆಂಗೇರಿಗೆ ಹೋಗಿ ಅದೇ ಬಸ್ಸು ಹತ್ತಿ ತನ್ನ ವಿಶ್ವಕ್ಕೆ ಮರಳಲು ಪ್ರಯತ್ನಿಸುತ್ತಿದ್ದ. ನಿದ್ದೆ ಬಂದರೆ ತಾನೇ? ಸೀಟು ಸಿಗುತ್ತಿರಲಿಲ್ಲ. ಸಿಕ್ಕ ದಿನ ಪಕ್ಕದವರು ಮೊಬೈಲಿನಲ್ಲಿ ಜಗಳವಾಡುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಇದೇ ಉಲ್ಲಾಳಕ್ಕೆ ಬಂದು ಇಳಿಯುತ್ತಿದ್ದ. ಬಂದವನು ಸುಮ್ಮನೆ ಕೂರದೆ ಆರು ತಿಂಗಳಿಂದ ತೊಟ್ಟಿಕ್ಕುತ್ತಿದ್ದ ನಲ್ಲಿ ಸರಿಮಾಡಿದ. ಮಿಕ್ಸಿಯ ಗುಂಡಿ ಸರಿಮಾಡಿದ. ನಾನು ‘ಭಾನುವಾರ ನೋಡೋಣ’ ಎಂದು ಹೇಳಿದ್ದ ಎಲ್ಲ ಕೆಲಸಗಳನ್ನೂ ಅವನು ಮಂಗಳವಾರದೊಳಗೆ ಮುಗಿಸಿದ.

ಅಲ್ಲಿ ಅವನಿಗೆ ಮದುವೆಯಾಗಿರಲಿಲ್ಲ. ದಾನಮ್ಮ ಕುತೂಹಲ ತಡೆಯಲಾರದೆ ಕೇಳಿಯೇಬಿಟ್ಟಳು. “ಅಲ್ಲಿ ನನ್ನ ನೋಡಾಕ ಬಂದಿರಲಿಲ್ಲೇನು?”

“ಬಂದಿದ್ವಿ. ಉಪ್ಪಿಟ್ಟಿಗೆ ಉಪ್ಪು ಜಾಸ್ತಿ ಆಗಿತ್ತು. ಅದನ್ನ ನಾನು ಬಾಯಿಬಿಟ್ಟು ಅಂದುಬಿಟ್ಟೆ. ನಿಮ್ಮಪ್ಪ ಸಿಟ್ಟಿಗೆದ್ರು.” ಅವನು ತಲೆ ತಗ್ಗಿಸಿದ. “ಹದಿನೆಂಟ್ ವರ್ಷ ಆತು. ಆ ಉಪ್ಪು ಇನ್ನೂ ನಾಲಿಗಿ ಮ್ಯಾಲ ಐತಿ.”

“ಇಲ್ಲೂ ಉಪ್ಪು ಜಾಸ್ತಿನ ಆಗಿತ್ತು” ಎಂದಳು ದಾನಮ್ಮ, ನನ್ನ ಕಡೆ ಮೆಚ್ಚುಗೆಯಿಂದ ನೋಡುತ್ತ. “ಇವರು ಒಂದ ಮಾತು ಆಡಲಾರದ ತಿಂದ್ರು.”

ಅವತ್ತು ನನಗೆ ನೆಗಡಿಯಾಗಿತ್ತು, ರುಚಿಯೇ ತಿಳಿದಿರಲಿಲ್ಲ. ಇದನ್ನು ಹದಿನೆಂಟು ವರ್ಷ ಹೇಳಿರಲಿಲ್ಲ. ಆಗಲೂ ಹೇಳಲಿಲ್ಲ.

ನಿಜವಾದ ತೊಂದರೆ ಶುರುವಾದದ್ದು ‘ರೀ’ಯಿಂದ. ಅಡುಗೆಮನೆಯಿಂದ “ರೀ” ಎಂದು ಕೇಳಿದರೆ ಸಾಕು, “ಹಾಂ, ಬಂದೆ” ಎಂದು ಅವನು ಹಾರಿ ನಿಲ್ಲುತ್ತಿದ್ದ. ನಾನು ಪೇಪರು ಮಡಚಿ, ಕನ್ನಡಕ ತೆಗೆದು, ಏಳುವ ಹೊತ್ತಿಗೆ ಬಿಸಿ ರೊಟ್ಟಿ ಅವನ ತಟ್ಟೆಯಲ್ಲಿರುತ್ತಿತ್ತು. ದಾನಮ್ಮನಿಗೂ ಸಂಕಟ. “ನಾ ನಿಮ್ಮನ್ನಲ್ರಿ, ಇವರನ್ನ ಕರದಿದ್ದು” ಎನ್ನುವಳು. ಅವನು ಕೆಂಪಗಾಗಿ “ಕರದಂಗ ಕೇಳಿಸ್ತು” ಎನ್ನುವನು.

“ನನ್ನ ಹೆಸರು ಹಿಡಿದೇ ಕರಿ, ಗೊಂದಲ ಇರಾಂಗಿಲ್ಲ. ಅರುಣ್ ಅನ್ನು, ಸಾಕು” ಎಂದೆ.

“ಶಿವ ಶಿವಾ! ನನ್ನ ಬಾಯಾಗ ಹುಳ ಬೀಳ್ತಾವ.”

“ಹಂಗಾದ್ರ ಅವನ್ನರ ಹೆಸರು ಹಿಡಿದು ಕರಿ.”

“ಅದೂ ನಿಮ್ಮ ಹೆಸರ ಅಲ್ಲೇನು?”

ಹೋಗಲಿ, ಸಂಬಂಧ ಹಿಡಿದು ಕರೆಯೋಣವೆಂದರೆ ಅವನು ನನಗೆ ಅಣ್ಣನೋ ತಮ್ಮನೋ? ಅಣ್ಣನಾದರೆ ದಾನಮ್ಮ ಅವನೆದುರು ತಲೆಯ ಮೇಲೆ ಸೆರಗು ಹೊದ್ದು ‘ಭಾವ’ ಎನ್ನಬೇಕು. ತಮ್ಮನಾದರೆ ಮೈದುನ, ಅವನನ್ನು ಬೈಯಬಹುದು. ಇಬ್ಬರೂ ಹುಟ್ಟಿದ್ದು ಒಂದೇ ದಿನ, ಒಂದೇ ಗಳಿಗೆ, ಒಂದೇ ತಾಯಿಗೆ. ಈ ಪಂಚಾಯಿತಿ, ನಮ್ಮ ಮನೆಯ ಮಾಲೀಕರಾದ ಮುನಿವೆಂಕಟಪ್ಪನವರ ತನಕ ಹೋಯಿತು. ಉಲ್ಲಾಳ ಹಳ್ಳಿಯಾಗಿದ್ದಾಗ ಅವರು ರಾಗಿ ಬೆಳೆಯುತ್ತಿದ್ದರು, ಈಗ ಅದೇ ಹೊಲದಲ್ಲಿ ಬಾಡಿಗೆ ಮನೆ ಬೆಳೆಯುತ್ತಿದ್ದರು.

ಮುನಿವೆಂಕಟಪ್ಪ ಇಬ್ಬರನ್ನೂ ಮೇಲಿನಿಂದ ಕೆಳಗಿನವರೆಗೆ ನೋಡಿ, ಬೇರೆಯದೇ ಪ್ರಶ್ನೆ ಎತ್ತಿದರು.

“ಅಣ್ಣ ತಮ್ಮ ಆಮೇಲಾಗ್ಲಿ. ಮನೆ ಅಗ್ರಿಮೆಂಟು ಯಾರ್ ಹೆಸರಲ್ಲೈತೆ? ಭರಮಪ್ಪ ಅವ್ರ್ ಹೆಸರಲ್ಲೈತೆ. ಇವ್ರು ಭರಮಪ್ಪ. ಸರಿ. ನೀವ್ಯಾರು ಸಾರ್?”

“ನಾನೇ ಸಾರ್, ಹದಿನೆಂಟು ವರ್ಷದಿಂದ ಇರೋನು! ಹೆಸರು ಬದಲಾಯಿಸ್ಕೊಂಡಿದೀನಿ ಅಷ್ಟೆ. ಪೇಪರಲ್ಲಿ ಬಂದಿತ್ತಲ್ಲ.”

“ನಾನೂ ನೋಡ್ದೆ ಪೇಪರ್ನ. ಹಕ್ಕಿಲ್ಲ ಅಂತ ನೀವೇ ಹಾಕ್ಸಿದೀರಿ. ಯಾರ್ ಪಡೀತಾರೋ ಅವ್ರು ಅನುಭವಿಸ್ಕೊಂಡು ಬರ್ಬೇಕು ಅಂತ್ಲೂ ಐತೆ. ಅವ್ರು ಅನುಭವಿಸ್ತಾವ್ರೆ, ನೀವ್ಯಾಕೆ ಹೊಟ್ಟೆ ಉರ್ಕೋತೀರಾ?” ಆಮೇಲೆ ದನಿ ತಗ್ಗಿಸಿ, “ಸಂಪು ಕ್ಲೀನ್ ಮಾಡ್ಕೊಟ್ರು ಕಣ್ರೀ ಅವ್ರು. ನಿಮ್ಗೆ ಎಷ್ಟ್ ವರ್ಷದಿಂದ ಹೇಳ್ತಿದ್ದೆ ನಾನು?” ಎಂದರು.

ಒಳಗೆ ಹೋಗಿ ಕಾಗದಪತ್ರಗಳನ್ನೆಲ್ಲ ತೆಗೆದು ನೋಡಿದೆ. ಮನೆಯ ಕರಾರು, ಗ್ಯಾಸ್ ಪುಸ್ತಕ, ಹಳೆಯ ಪಡಿತರ ಚೀಟಿ, ಲಗ್ನಪತ್ರಿಕೆ, ಎಲ್ಲದರಲ್ಲೂ ಭರಮಪ್ಪ. ಭಾವಚಿತ್ರಗಳಲ್ಲಿ ಇರುವ ಮುಖವೂ ಅವನದೇ. ಅರುಣ್ ಕುಮಾರ್ ಎಂಬ ಮನುಷ್ಯನಿಗೆ ಈ ಭೂಮಿಯ ಮೇಲೆ ಇದ್ದ ಆಸ್ತಿ ಒಂದು ಛಾಪಾ ಕಾಗದ. ಹೆಂಡತಿಯೂ ಭರಮಪ್ಪನವಳೇ.

ಓಡಿದೆ ಕಾಂತರಾಜು ಹತ್ತಿರ.

“ಕ್ಯಾನ್ಸಲ್ ಮಾಡಿ ಸಾರ್, ನನ್ನ ಹೆಸರು ವಾಪಸ್ ಬೇಕು.”

ಕಾಂತರಾಜು ಪತ್ರವನ್ನು ಎರಡು ಸಲ ಓದಿದರು. ತಾವೇ ಬರೆದದ್ದನ್ನು ಅವರು ಓದಿದ್ದು ಅದೇ ಮೊದಲು ಎಂದು ಕಾಣುತ್ತದೆ, ಮುಖದಲ್ಲಿ ಹೆಮ್ಮೆ ಮೂಡಿತು. “ಒಳ್ಳೆ ಸ್ಟ್ರಾಂಗಾಗಿದೆ ಸಾರ್ ಡಾಕ್ಯುಮೆಂಟು. ಸುಪ್ರೀಂ ಕೋರ್ಟಿಗೆ ಹೋದ್ರೂ ಅಲ್ಲಾಡಲ್ಲ. ಈಗ ಸ್ವಾಧೀನ ಯಾರ ಹತ್ರ ಇದೆ?”

“ಸ್ವಾಧೀನ?”

“ಹೆಸರಲ್ಲಿ ಈಗ ಯಾರು ವಾಸ ಇದಾರೆ ಅಂತ.”

ಹೇಳಿದೆ.

“ಹಾಗಾದ್ರೆ ಅವರ ಒಪ್ಪಿಗೆ ಬೇಕು. ಅವರು ಬಿಟ್ಕೊಟ್ರೆ ನಿಮಗೆ ವಾಪಸ್ ಬರ್ಕೊಡ್ತೀನಿ. ಇದಕ್ಕಿಂತ ಸ್ಟ್ರಾಂಗಾಗಿ.”

ಮನೆಗೆ ಬಂದು ಭರಮಪ್ಪನನ್ನು ಕೇಳಿದೆ. ಇನ್ನೊಬ್ಬರ ಕಾಲು ಹಿಡಿಯುವುದು ಕಷ್ಟವಲ್ಲ. ನನ್ನ ಕಾಲನ್ನೇ ನಾನು ಹಿಡಿಯುವ ಹಾಗೆ ಕೇಳುವುದಿದೆಯಲ್ಲ, ಅದು ಬಹಳ ಮುಜುಗರ. ಅವನು ಕೋಪಿಸಿಕೊಳ್ಳಲಿಲ್ಲ.

“ಏನ್ ಬೇಕಾದ್ರೂ ಕೇಳ್ರಿ, ಕೊಡ್ತೀನಿ. ಹಾಕ್ಕೊಂಡ ಅಂಗಿ ಕೊಡ್ತೀನಿ. ನಮ್ಮ ಕಡಿಂದ ನಾನು ತಂದಿದ್ದು ಅದೊಂದ ಹೆಸರು. ಅದನ್ನೂ ಕೊಟ್ರ ನಾ ಬಂದೀನಿ ಅನ್ನಾಕ ಏನ್ ಗುರುತು ಉಳೀತೈತ್ರಿ?”

ಅವನ ಕಣ್ಣಲ್ಲಿ ನೀರಿತ್ತು. ನನ್ನ ಮುಖ ಅಳುವಾಗ ಅಷ್ಟು ದೀನವಾಗಿ ಕಾಣುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಛಾಪಾ ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡೆ.

ಇಷ್ಟರಲ್ಲಿ ಉಲ್ಲಾಳದ ಶಾಲೆಯಲ್ಲಿ ಪಡಿತರ ಚೀಟಿಯ ಶಿಬಿರ ಬಂತು. ಹೊಸ ಚೀಟಿಗೆ ಮನೆಮಂದಿಯೆಲ್ಲ ಕ್ಯಾಮೆರಾ ಮುಂದೆ ಕೂತು ಫೋಟೊ ತೆಗೆಸಿಕೊಳ್ಳಬೇಕು, ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಬೇಕು. ಒಂದು ಚೀಟಿಗೆ ಒಬ್ಬನೇ ಯಜಮಾನ. ದಾನಮ್ಮನ ಪಕ್ಕದ ಕುರ್ಚಿ ಒಂದೇ. ಆ ಕುರ್ಚಿಯಲ್ಲಿ ಯಾರು ಕೂರುತ್ತಾರೋ ಅವನೇ ಸರ್ಕಾರದ ಮುದ್ರೆ ಬಿದ್ದ ಗಂಡ. ಇನ್ನೊಬ್ಬ ಯಾರೂ ಅಲ್ಲ.

ಮೂವರೂ ಹೋದೆವು. ಮುನಿವೆಂಕಟಪ್ಪ ಸಾಕ್ಷಿಗೆ ಎಂದು ಬಂದರು. ಅಂದರೆ ತಮಾಷೆ ನೋಡಲು. ಮೇಜಿನ ಹಿಂದೆ ಕೂತಿದ್ದ ಅಧಿಕಾರಿ ಚಕ್ರಪಾಣಿಯವರು ನಮ್ಮಿಬ್ಬರನ್ನೂ ನೋಡಿ ಬೆಚ್ಚುತ್ತಾರೆ ಎಂದುಕೊಂಡಿದ್ದೆ. ಅವರು ತಲೆ ಕೂಡ ಪೂರ್ತಿ ಎತ್ತಲಿಲ್ಲ.

“ಅವಳಿ ಜವಳಿನಾ, ಬೇರೆ ವಿಶ್ವನಾ?”

“ಬೇರೆ ವಿಶ್ವ ಸಾರ್.”

“ಹೋದ ವಾರ ಕೆಂಗೇರೀಲೂ ಒಂದು ಜೋಡಿ ಬಂದಿತ್ತು. ಅವರೂ ಹೆಸರಿಗೇ ಹೊಡೆದಾಡಿದ್ರು. ಫಾರಂನಲ್ಲಿ ಇದಕ್ಕೆ ಕಾಲಂ ಇಲ್ಲ, ಹೆಬ್ಬೆಟ್ಟು ಒತ್ತಿ.”

ಅವನು ಹೆಸರು ಹೇಳಿ ಒತ್ತಿದ. ಯಂತ್ರ ‘ಭರಮಪ್ಪ’ ಎಂದು ದಾಖಲಿಸಿಕೊಂಡಿತು. ನಾನು ಒತ್ತಿದೆ. ‘ಈ ವ್ಯಕ್ತಿ ಈಗಾಗಲೇ ಬಂದು ಹೋಗಿದ್ದಾರೆ’ ಎಂದಿತು.

“ನೋಡಿ ಸಾರ್, ಸಾಫ್ಟ್‌ವೇರ್ ನಿಮ್ಮನ್ನ ತಗೋತಿಲ್ಲ” ಎಂದು ಚಕ್ರಪಾಣಿ ನನಗೆ ಹೇಳಿದರು. ನನ್ನ ಛಾಪಾ ಕಾಗದ ಓದಿ, “ನೀವೇ ಬಿಟ್ಕೊಟ್ಟಿದೀರಲ್ಲ ಹೆಸರ್ನ” ಎಂದರು. ಮುನಿವೆಂಕಟಪ್ಪ “ನಾನೂ ಅದೇ ಹೇಳ್ದೆ ಸಾರ್” ಎಂದರು. ಸಾಲಿನಲ್ಲಿದ್ದವರೆಲ್ಲ ಬಿಟ್ಟುಕೊಟ್ಟವನನ್ನು ಕತ್ತು ಚಾಚಿ ನೋಡಿದರು.

ಕೊನೆಗೆ ಚಕ್ರಪಾಣಿ ದಾನಮ್ಮನ ಕಡೆ ತಿರುಗಿದರು. “ನೀವು ಹೇಳಿಬಿಡಿ ತಾಯಿ. ನಿಮ್ಮ ಯಜಮಾನರ ಹೆಸರೇನು?”

“ಹೆಸರು ಹಿಡಿಯಾಂಗಿಲ್ರಿ ಸಾಹೇಬ್ರ.”

“ಸರಿ, ಹಾಗಾದ್ರೆ ಮನೇಲಿ ಕರೀತೀರಲ್ಲ ಹಾಗೆ ಕರೀರಿ. ಯಾರು ಬರ್ತಾರೋ ಅವರ ಹೆಸರು ಬರ್ಕೋತೀನಿ. ಹಿಂದೆ ಇನ್ನೂ ಐವತ್ತು ಜನ ಇದಾರೆ.”

ಗೋಡೆಯ ಮೇಲೆ ಯಾವ ತಿಂಗಳು ಎಷ್ಟು ಸೀಮೆಎಣ್ಣೆ ಎಂಬ ಪಟ್ಟಿ ಇತ್ತು. ಭಯವಾದಾಗ ಕಣ್ಣಿಗೆ ಬಿದ್ದದ್ದನ್ನು ಓದುವುದು ನನ್ನ ಅಭ್ಯಾಸ. ಅದನ್ನು ಓದುತ್ತ ನಿಂತಿದ್ದೆ.

“ರೀ” ಎಂದಳು ದಾನಮ್ಮ.

“ಹಾಂ, ಬಂದೆ!” ಭರಮಪ್ಪ ಆಗಲೇ ಮೇಜಿನ ಹತ್ತಿರ ಇದ್ದ. ಚಕ್ರಪಾಣಿ ಟೈಪು ಮಾಡಲು ಬೆರಳು ಎತ್ತಿದರು.

“ರೀ!”

“ಇಲ್ಲೇ ಇದೀನ್ರಿ” ಎಂದ ಭರಮಪ್ಪ.

“ರೀ, ಕಿವಿ ಎಲ್ಲಿ ಇಟ್ಟೀರಿ?”

“ಏನು ನಿಂದು? ಓದಾಕತ್ತೀನಲ್ಲ!” ಎಂದು ನಾನು ತಿರುಗಿದೆ. ತಿರುಗಿದ ಮೇಲೆ ಏನಾಯಿತೆಂದು ತಿಳಿಯಿತು. ಇಡೀ ಬದುಕಿನಲ್ಲಿ ಒಂದೇ ಒಂದು ಸಲ ಬೇಗ ಓಗೊಡಬೇಕಾಗಿತ್ತು. ಅದನ್ನೂ ಸೀಮೆಎಣ್ಣೆಗೆ ಬಲಿಕೊಟ್ಟಿದ್ದೆ.

ದಾನಮ್ಮ ನನ್ನ ಕಡೆ ಬೆರಳು ತೋರಿಸಿದಳು.

“ಬರ್ಕೋರಿ ಸಾಹೇಬ್ರ. ಇವರ ನನ್ನ ಗಂಡ.”

“ಅಮ್ಮಾ, ಓಗೊಟ್ಟಿದ್ದು ಅವರಲ್ವಾ?”

“ಅದಕ್ಕ ಅವರಲ್ಲ ಅಂದಿದ್ದು. ಹದಿನೆಂಟ್ ವರ್ಷದಾಗ ಇವರು ಮೊದಲನೇ ಸಲ ಕರದಾಗ ಒಂದ್ ದಿನಾನೂ ಓ ಅಂದಿಲ್ಲ. ಮೂರ್ ಸಲ ಕರೀಬೇಕು, ಮೂರನೇದಕ್ಕ ಬೈಸ್ಕೋಬೇಕು. ಹಂಗ ಬೈದವರ ನನ್ನವರು.”

ಸಾಲಿನಲ್ಲಿದ್ದ ಹೆಂಗಸರೆಲ್ಲ ಒಟ್ಟಿಗೆ ತಲೆಯಾಡಿಸಿದರು. ಇಷ್ಟು ಗಟ್ಟಿಯಾದ ಗುರುತಿನ ಪುರಾವೆ ಯಾವ ಶಿಬಿರದಲ್ಲೂ ಸಿಕ್ಕಿರಲಾರದು. ಚಕ್ರಪಾಣಿಯವರೂ ಒಪ್ಪಿದರು, ಅವರಿಗೂ ಮದುವೆಯಾಗಿತ್ತು.

“ಮನುಷ್ಯ ಆಯ್ತು. ಹೆಸರು? ಅರುಣ್ ಕುಮಾರ್ ಅಂತ ಹಾಕ್ಲಾ?”

ದಾನಮ್ಮ ಸೆರಗು ತಲೆಯ ಮೇಲೆ ಎಳೆದುಕೊಂಡು, ಗೋಡೆಗೆ ಮುಖ ಮಾಡಿ ನಿಂತಳು. ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳಲೇಬೇಕಾಗಿ ಬಂದಾಗ ಒಡಪು ಕಟ್ಟಿ ಅದರೊಳಗೆ ಮುಚ್ಚಿ ಹೇಳುತ್ತಾರೆ. ನಮ್ಮ ಮದುವೆಯಲ್ಲಿ ಅವಳು ನಾಚಿಕೆಯಿಂದ ಅದನ್ನೂ ಹೇಳಿರಲಿಲ್ಲ.

“ಉಲ್ಲಾಳ ಕೆರಿಯಾಗ ಕುಂತಾವ ಕೊಕ್ಕರಿ,
ಮಾರಿ ಎರಡು ಒಂದ ಇದ್ರೂ ಒಂದರ ಮ್ಯಾಲ ಅಕ್ಕರಿ,
ಇದ್ದ ಹೆಸರು ಪೇಪರಿಗೆ ಕೊಟ್ಟು ಬಂದಾನ ಹುಚ್ಚಪ್ಪ,
ಯಾರೇನ ಬರಕೊಂಡ್ರೂ ನನ್ನ ರಾಯ ಭರಮಪ್ಪ.”

ಶಾಲೆಯ ಅಂಗಳದಲ್ಲಿ ಚಪ್ಪಾಳೆ ಬಿತ್ತು. ನನಗೆ ಚಪ್ಪಾಳೆ ಸರಿಯಾಗಿ ಕೇಳಿಸಲಿಲ್ಲ. ಆ ಹೆಸರನ್ನು ಅಪ್ಪ ಬೈಯುತ್ತ ಕೂಗಿದ್ದ, ಮೇಷ್ಟ್ರು ಹಾಜರಿಗೆ ಕೂಗಿದ್ದರು, ಸಾಹೇಬರು ಕಡತಕ್ಕೆ ಕೂಗಿದ್ದರು. ಅದು ಒಳ್ಳೆಯ ಹೆಸರು ಎಂದು ನನಗೆ ಮೊದಲ ಸಲ ಅನ್ನಿಸಿತು. ಎಲ್ಲರೆದುರು ಕಣ್ಣು ತುಂಬಿ ಬಂತು, ನಾಚಿಕೆಯೂ ಆಗಲಿಲ್ಲ.

ಭರಮಪ್ಪ ಕುರ್ಚಿಯ ಪಕ್ಕದಿಂದ ಹಿಂದೆ ಸರಿದ. “ಈ ಹೆಸರು ಇಷ್ಟ್ ಚಂದ ಕೇಳಸ್ತೈತಿ ಅಂತ ಗೊತ್ತಿರಲಿಲ್ಲ ನೋಡ್ರಿ” ಎಂದ. “ಹಿಂಗ ಹೇಳವರು ಇರೋರ ಹತ್ರನ ಅದು ಇರ್ಲಿ.” ಆಮೇಲೆ ನನ್ನ ಕೈಯಲ್ಲಿದ್ದ ಛಾಪಾ ಕಾಗದವನ್ನು ಮೆಲ್ಲಗೆ ತೆಗೆದುಕೊಂಡು, “ಅರುಣ್ ಕುಮಾರ್ ಅನ್ನೋದು ಖಾಲಿ ಐತಲ್ರಿ?” ಎಂದ.

ಚಕ್ರಪಾಣಿ ಅವನಿಂದ ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡು ಒಂಟಿ ಚೀಟಿ ಮಾಡಿಕೊಟ್ಟರು. ಮುನಿವೆಂಕಟಪ್ಪ ತಮ್ಮ ಹಿಂದಿನ ಕೋಣೆಯನ್ನು ಕೊಟ್ಟರು. ಅವನು ಈಗ ಬಸ್ಸಿನಲ್ಲಿ ನಿದ್ದೆ ಮಾಡಲು ಪ್ರಯತ್ನಿಸುವುದಿಲ್ಲ. ಇಡೀ ಬಡಾವಣೆಗೆ ಅವನು ಅರುಣ್ ಸಾರ್, ಮೋಟರು ಕೆಟ್ಟರೂ ಅರುಣ್ ಸಾರ್, ಬಡಾವಣೆಯವರು ಮದುವೆಗೆ ಹೆಣ್ಣು ಹುಡುಕುತ್ತಿರುವುದೂ ಅರುಣ್ ಸಾರ್‌ಗೇ. ಮೊನ್ನೆ ನೋಡಲು ಹೋದ ಮನೆಯಲ್ಲಿ ಉಪ್ಪಿಟ್ಟು ಹೇಗಿತ್ತು ಎಂದು ಕೇಳಿದರೆ, ಎರಡು ಸಲ ಹಾಕಿಸಿಕೊಂಡೆ ಎಂದು ಮಾತ್ರ ಹೇಳಿದ.

ನನ್ನ ಮೇಜಿನ ಮೇಲೆ ಜೋಳದ ಚೀಲದಂಥ ಹಳೆಯ ಫಲಕವೇ ಇದೆ. ದಾನಮ್ಮ ಆ ದಿನದ ನಂತರ ನನ್ನ ಹೆಸರು ಹಿಡಿದಿಲ್ಲ. ಅಡುಗೆಮನೆಯಿಂದ “ರೀ” ಎನ್ನುತ್ತಾಳೆ. ಮೊದಲನೇ ಕರೆಗೇ ಎದ್ದು ಓಡಬೇಕು ಎಂದು ಮನಸ್ಸು ತುಡಿಯುತ್ತದೆ. ಕಾಲು ನೆಲಕ್ಕೆ ಇಳಿದಿರುತ್ತದೆ. ಆದರೂ ಹಲ್ಲುಕಚ್ಚಿ ಪೇಪರು ಹಿಡಿದು ಕೂರುತ್ತೇನೆ. ಬೇಗ ಓಗೊಟ್ಟುಬಿಟ್ಟರೆ ಅದು ನಾನೇ ಎಂದು ಅವಳು ನಂಬುವುದು ಹೇಗೆ?